ಕಬ್ಬಿನ ಗಾಡಿ ಹೊರಡುವ ಮೊದಲು



ದಸರೆಯ ದಿನ ಬನ್ನಿ ಕೊಟ್ಟು, ಹಿರಿಯರ ಪಾದ ಮುಟ್ಟಿ, 'ಬಂಗಾರದ್ಹಂಗ ಇರೂಣು' ಎಂದು ಹರಸಿಕೊಂಡ ಮಾತು ಇನ್ನೂ ಕಿವಿಯಲ್ಲಿರುವಾಗಲೇ ಜತ್ತ, ಮಂಗಳವೇಢೆಗಳ ಕಡೆಯ ನಮ್ಮ ಎಷ್ಟೋ ಕನ್ನಡ ಮನೆಗಳಲ್ಲಿ ಇನ್ನೊಂದು ಸಿದ್ಧತೆ ತೊಡಗುತ್ತದೆ. ಹಿಂಗಾರಿ ಮಳೆ ಕೈಕೊಟ್ಟ ವರ್ಷವಂತೂ ಕೇಳುವುದೇ ಬೇಡ. ಕೊಡ, ಪಾತ್ರೆ, ಕೌದಿ, ಜೋಳದ ಚೀಲ, ಕೋಳಿಯ ಬುಟ್ಟಿ ಒಂದೊಂದಾಗಿ ಟ್ರ್ಯಾಕ್ಟರಿನ ಟ್ರೇಲರಿಗೆ ಏರುತ್ತವೆ. ಕೊನೆಗೆ ಮಕ್ಕಳೂ ಏರುತ್ತಾರೆ. ಪಾಟಿಚೀಲ ಮಾತ್ರ ಗೋಡೆಯ ಗೂಟದಲ್ಲಿ ಉಳಿಯುತ್ತದೆ.

ಭೂಕಂಪವಾದರೆ, ಮಹಾಪೂರ ಬಂದರೆ ಸಾಲೆ ಬಿದ್ದುದು ಎಲ್ಲರ ಕಣ್ಣಿಗೂ ಕಾಣುತ್ತದೆ. ಮಂತ್ರಿಗಳು ಬರುತ್ತಾರೆ, ಪತ್ರಿಕೆಗಳಲ್ಲಿ ಚಿತ್ರಗಳು ಬರುತ್ತವೆ. ಬರಗಾಲದ ರೀತಿಯೇ ಬೇರೆ. ಸಾಲೆಯ ಗೋಡೆ ನಿಂತೇ ಇರುತ್ತದೆ. ಗಂಟೆ ಹೊತ್ತಿಗೆ ಸರಿಯಾಗಿ ಬಾರಿಸುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರೂ ಇರುತ್ತದೆ. ಮಗು ಮಾತ್ರ ನೂರು ಮೈಲಿ ಆಚೆ ಯಾರದೋ ಕಬ್ಬಿನ ಹೊಲದ ಬದುವಿನ ಮೇಲೆ ತಮ್ಮನನ್ನು ಆಡಿಸುತ್ತ ಕುಳಿತಿರುತ್ತದೆ.

ಈ ವ್ಯವಹಾರದ ಒಳಗನ್ನು ನಮ್ಮವರಲ್ಲಿ ಅನೇಕರು ಬಲ್ಲರು. ಮಳೆಗಾಲದಲ್ಲಿಯೇ ಮುಕಾದಮ ಬಂದು ಮುಂಗಡ ಹಣ ಕೊಟ್ಟು ಹೋಗುತ್ತಾನೆ. ಅದು ಹಳೆಯ ಸಾಲಕ್ಕೆ, ಮದುವೆಯ ಖರ್ಚಿಗೆ, ಬತ್ತಿದ ಬಾವಿಗೆ ಕರಗಿಹೋಗುತ್ತದೆ. ಆ ಹಣವನ್ನು ತೀರಿಸಲು ಗಂಡಹೆಂಡಿರಿಬ್ಬರೂ ಹೋಗಲೇಬೇಕು. ಇಬ್ಬರು ಕೂಡಿದರೆ ಒಂದು 'ಕೊಯ್ತಾ' ಎಂದು ಲೆಕ್ಕ. ಕಬ್ಬು ಕಡಿಯುವ ಕತ್ತಿಯ ಹೆಸರೇ ಆ ಜೋಡಿಯ ಹೆಸರಾಗಿದೆ! ಸಕ್ಕರೆ ಕಾರಖಾನೆಗಳ ಹಂಗಾಮು ದೀಪಾವಳಿಯ ಆಚೀಚೆ ಆರಂಭವಾಗಿ ಮಾರ್ಚ್, ಏಪ್ರಿಲ್‌ವರೆಗೆ ನಡೆಯುತ್ತದೆ. ಸಾಲೆಯಾದರೋ ಜೂನಿನಲ್ಲಿ ತೆರೆದು ಏಪ್ರಿಲ್ ಕೊನೆಯ ಹೊತ್ತಿಗೆ ಮುಗಿಯುತ್ತದೆ. ಹೀಗಾಗಿ ಮಗುವಿನ ಪಾಲಿಗೆ ಉಳಿಯುವುದು ಅರ್ಧ ವರ್ಷದ ಸಾಲೆ. ಅರ್ಧ ಬೆಂದ ಅನ್ನದಿಂದ ಹೊಟ್ಟೆ ತುಂಬೀತೆ?

ಬರಗಾಲ ನಮ್ಮ ಸೀಮೆಗೆ ಹೊಸದಲ್ಲ. 1876-78ರ ಭೀಕರ ಬರದ ಕಥೆಗಳನ್ನು ನಮ್ಮ ಮುತ್ತಜ್ಜಿಯರು ಹೇಳುತ್ತಿದ್ದರು. 1972ರ ಬರವನ್ನು ಕಂಡವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಕೆಂಪು ಮಿಲೋ ಜೋಳದ ರೊಟ್ಟಿಯ ರುಚಿ ಅವರ ನಾಲಗೆಯಿಂದ ಇನ್ನೂ ಹೋಗಿಲ್ಲ. ಆಗ ಊರ ಸಮೀಪದಲ್ಲಿಯೇ ರಸ್ತೆ, ಕೆರೆಗಳ ಕೆಲಸ ತೆಗೆದು ಲಕ್ಷಾಂತರ ಜನರಿಗೆ ಕೂಲಿ ಕೊಟ್ಟರು. ಆ ಅನುಭವದಿಂದಲೇ ಮಹಾರಾಷ್ಟ್ರದಲ್ಲಿ 1977ರಲ್ಲಿ ಉದ್ಯೋಗ ಖಾತರಿಯ ಕಾಯಿದೆ ಆಯಿತು. ಇದರಲ್ಲಿ ನಾವು ತಿಳಿಯಬೇಕಾದ ಪಾಠವೊಂದಿದೆ. ಕೆಲಸ ಊರ ಹತ್ತಿರವಿದ್ದರೆ ಸಂಜೆಗೆ ತಾಯಿ ಮನೆಗೆ ಬರುತ್ತಾಳೆ. ತಾಯಿ ಮನೆಗೆ ಬಂದರೆ ಮುಂಜಾನೆ ಮಗು ಸಾಲೆಗೆ ಹೋಗುತ್ತದೆ.

ಗಡಿಯ ಕನ್ನಡ ಮಕ್ಕಳಿಗೆ ಈ ಹಾನಿ ಇಮ್ಮಡಿಯಾದುದು. ಅಥಣಿ, ಚಿಕ್ಕೋಡಿಗಳ ಕಡೆ ಹೋದರೆ ಅಲ್ಲಿಯೂ ಕನ್ನಡ ಸಾಲೆ ಉಂಟು. ಸಾಂಗಲಿಯ ಪಶ್ಚಿಮ ಭಾಗಕ್ಕೋ ಕೊಲ್ಹಾಪುರದ ಕಡೆಗೋ ಹೋದ ಮಗುವನ್ನು ಅಲ್ಲಿಯ ಗುರುಗಳು ಎಷ್ಟೇ ಪ್ರೀತಿಯಿಂದ ಕೂಡಿಸಿಕೊಂಡರೂ ಕಲಿಸುವುದು ಮರಾಠಿಯಲ್ಲಿ. ಮರಾಠಿಯನ್ನು ಕಲಿಯುವುದು ಒಳ್ಳೆಯದೇ; ನಾವೆಲ್ಲ ಕಲಿತಿದ್ದೇವೆ. ಆದರೆ ಒತ್ತಕ್ಷರಗಳು ಈಗಷ್ಟೇ ಕೈಗೆ ಹತ್ತುತ್ತಿರುವ ಮಗು ಐದು ತಿಂಗಳು ಬೇರೆ ಲಿಪಿಯ ಮುಂದೆ ಕುಳಿತು ಮರಳಿ ಬಂದರೆ, ಎರಡೂ ಅದಕ್ಕೆ ಪರಕೀಯವಾಗುತ್ತವೆ. ಮೇಲಾಗಿ, ಮಕ್ಕಳ ಸಂಖ್ಯೆ ಇಳಿದ ಸಾಲೆಗೆ ಗುರುಗಳೂ ಕಡಿಮೆಯಾಗುತ್ತಾರೆ. ಒಂದು ಮನೆಯ ಮಗು ಸಾಲೆ ಬಿಟ್ಟರೆ ಅದರ ನಷ್ಟ ಊರಿನ ಎಲ್ಲ ಮಕ್ಕಳಿಗೂ ಹಂಚಿಹೋಗುತ್ತದೆ.

ನಾನು ಸಾಲೆಯಲ್ಲಿ ಕಲಿಸುತ್ತಿದ್ದ ಕಾಲದ ಒಂದು ಸಂಗತಿ. ಐದನೆಯ ಇಯತ್ತೆಯಲ್ಲಿ ಒಬ್ಬ ಹುಡುಗಿ ಇದ್ದಳು; ಮಗ್ಗಿಯಲ್ಲಿ ಅವಳನ್ನು ಸೋಲಿಸುವವರಿರಲಿಲ್ಲ. ಗಾಡಿ ಹೊರಡುವ ಹಿಂದಿನ ದಿನ ಅವರ ಮನೆಗೆ ಹೋಗಿ, ಹುಡುಗಿಯನ್ನು ಬಿಟ್ಟು ಹೋಗಿರೆಂದು ಕಾಯಿದೆ, ಕಾನೂನು ಎಲ್ಲ ಹೇಳಿದೆ. ತಾಯಿ ತಲೆ ತಗ್ಗಿಸಿ ಕೇಳಿದಳು. ಬಳಿಕ ಅಂದಳು: "ಹಗಲ ಹೊತ್ತು ಸಾಲಿ ಐತಿ, ನೀವದೀರಿ ಅಕ್ಕೋರ. ರಾತ್ರಿ ನನ್ನ ಮಗಳು ಯಾರ ಮನ್ಯಾಗ ಮಲಗಬೇಕ್ರಿ?"

ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಹುಡುಗಿ ಹೋದಳು. ಬೇಸಗೆಯಲ್ಲಿ ಬಂದಾಗ ಸಾಲೆಯ ಅಂಗಳದವರೆಗೆ ಬಂದು ನಿಂತು, ಒಳಗೆ ಬರಲು ನಾಚಿ ಹಿಂದಿರುಗಿದಳು. ನಾನೂ ಎದ್ದು ಹೋಗಿ ಕೈಹಿಡಿದು ಕರೆತರಲಿಲ್ಲ; ಪರೀಕ್ಷೆಯ ಕಾಗದಗಳಲ್ಲಿ ಮುಳುಗಿದ್ದೆ. ಮುಂದಿನ ವರ್ಷ ಅವಳ ಹೆಸರು ಪಟದಿಂದ ಹೋಯಿತು. ಕಬ್ಬಿನ ಕೆಲಸಕ್ಕೆ ಜೋಡಿಯೇ ಬೇಕಾದುದರಿಂದ ಇಂಥ ಹುಡುಗಿಯರ ಮದುವೆಯೂ ಬೇಗ ಆಗಿಬಿಡುತ್ತದೆ. ಅವಳದೂ ಹಾಗೆಯೇ ಆಯಿತು. ಆ ಅಂಗಳದ ಹತ್ತು ಹೆಜ್ಜೆಗಳನ್ನು ನಾನು ನಡೆಯಬೇಕಾಗಿತ್ತು ಎಂಬುದು ಇಂದಿಗೂ ಮನಸ್ಸನ್ನು ಚುಚ್ಚುತ್ತದೆ.

ಆ ತಾಯಿಯ ಪ್ರಶ್ನೆಯಲ್ಲಿಯೇ ಈ ಸಮಸ್ಯೆಯ ಬೀಗದ ಕೈ ಇದೆ. ಮಗು ಸಾಲೆಯಲ್ಲಿ ಉಳಿಯಬೇಕಾದರೆ ಮೊದಲು ಊರಿನಲ್ಲಿ ಉಳಿಯಬೇಕು. ಊರಿನಲ್ಲಿ ಉಳಿಯಬೇಕಾದರೆ ಅದಕ್ಕೆ ರಾತ್ರಿಯ ಆಸರೆ, ಎರಡು ಹೊತ್ತಿನ ಊಟ ಬೇಕು. ಮಹಾರಾಷ್ಟ್ರ ಸರಕಾರದ 'ಹಂಗಾಮಿ ವಸತಿಗೃಹ'ದ ಯೋಜನೆ ಇದಕ್ಕಾಗಿಯೇ ಹುಟ್ಟಿದುದು. ತಂದೆತಾಯಿ ಕಬ್ಬಿಗೆ ಹೋದ ತಿಂಗಳುಗಳಲ್ಲಿ, ಸಾಲೆಯ ವ್ಯವಸ್ಥಾಪನ ಸಮಿತಿಯ ಮೂಲಕ, ಊರಿನಲ್ಲಿಯೇ ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಡು ಅದು. ಹೋಗುವ ಕುಟುಂಬಗಳ ಯಾದಿ ಗಾಡಿ ಹೊರಡುವ ಮೊದಲೇ ಸಿದ್ಧವಾಗಿದ್ದರೆ ಮಾತ್ರ ಅದರ ಪ್ರಯೋಜನ. ಹೋದ ಮೇಲೆ ಲೆಕ್ಕ ಹಾಕಿದರೆ ಯಾರಿಗೆ ಉಣಿಸುವುದು?

ಮಧ್ಯಾಹ್ನದ ಊಟದ ಸಂಗತಿಯೂ ಹಾಗೆಯೇ. ಸರಕಾರಿ ಮತ್ತು ಅನುದಾನಿತ ಪ್ರಾಥಮಿಕ ಸಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರ್ 28ರಂದು ಆಜ್ಞೆ ಮಾಡಿತು. ಬರಪೀಡಿತ ಭಾಗಗಳಲ್ಲಿ ಬೇಸಗೆಯ ಸೂಟಿಯಲ್ಲಿಯೂ ಆ ಊಟ ನಿಲ್ಲಕೂಡದೆಂದು 2004ರ ಏಪ್ರಿಲ್‌ನಲ್ಲಿ ಹೇಳಿತು. 2016ರ ಮೇ ತಿಂಗಳ ಬರದ ತೀರ್ಪಿನಲ್ಲಿಯೂ ಅದನ್ನೇ ಎತ್ತಿಹಿಡಿಯಿತು. ನಿಮ್ಮ ತಾಲೂಕು ಬರಪೀಡಿತವೆಂದು ಸಾರಲ್ಪಟ್ಟ ವರ್ಷ ಈ ಮಾತನ್ನು ಗ್ರಾಮಸಭೆಯಲ್ಲಿ ಎತ್ತಿ ಕೇಳಿರಿ. ಇದು ಯಾರ ದಯೆಯೂ ಅಲ್ಲ, ಮಕ್ಕಳ ಹಕ್ಕು.

ಆಸರೆಯೇ ಸಿಗದೆ ಮಗುವನ್ನು ಕರೆದುಕೊಂಡು ಹೋಗಲೇಬೇಕಾದವರಿಗೂ ದಾರಿಯಿಲ್ಲದಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯ ಪ್ರಕಾರ, ದಾಖಲೆಯ ಕಾಗದ ತಡವಾಯಿತೆಂಬ ಕಾರಣಕ್ಕೆ ಯಾವ ಸರಕಾರಿ ಸಾಲೆಯೂ ಮಗುವಿನ ಪ್ರವೇಶವನ್ನು ತಡೆಯುವಂತಿಲ್ಲ. ಸಾಲೆ ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಹಿಂದುಳಿದ ಪಾಠಕ್ಕೆ ವಿಶೇಷವಾಗಿ ಕಲಿಸಬೇಕು. ವಲಸೆ ಹೋಗುವ ಮಕ್ಕಳಿಗೆಂದು ಮಹಾರಾಷ್ಟ್ರದಲ್ಲಿ ಶಿಕ್ಷಣ ಖಾತರಿಯ ಕಾರ್ಡು ಇದೆ. ಅದನ್ನು ಸಾಲೆಯಿಂದ ಕೇಳಿ ಪಡೆದು, ರೇಶನ್ ಕಾರ್ಡಿನ ಜೊತೆಗೆ ಜೋಪಾನವಾಗಿ ಒಯ್ಯಿರಿ. ಚೀಲದಲ್ಲಿ ಒಂದು ಕನ್ನಡ ಪುಸ್ತಕವನ್ನೂ ಇಡಿರಿ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕೆಂದು ಸಂವಿಧಾನದ 350-ಎ ವಿಧಿ ಹೇಳುತ್ತದೆ. ಆದರೆ ಹೊಲದ ಬದುವಿನಲ್ಲಿ ಕುಳಿತ ಮಗುವಿನ ಕೈಗೆ ಪುಸ್ತಕ ಕೊಡಬಲ್ಲವಳು ತಾಯಿಯೊಬ್ಬಳೇ.

ಇನ್ನು, ವಲಸೆ ಹೋಗದೆ ಊರಿನಲ್ಲಿ ಉಳಿಯುವ ನಮ್ಮಂಥವರ ಕರ್ತವ್ಯ. ನಾನು ಹೇಳಿದ ಸಂಗತಿ ನಡೆದ ಎರಡು ವರ್ಷಗಳ ಮೇಲೆ, ಅದೇ ಓಣಿಯ ಒಬ್ಬ ಮುದುಕಿ ತನ್ನ ಮೊಮ್ಮಗಳ ಜೊತೆಗೆ ನೆರೆಮನೆಯ ಇಬ್ಬರು ಹುಡುಗಿಯರನ್ನು ಇಟ್ಟುಕೊಂಡಳು. ಅಕ್ಕಪಕ್ಕದವರು ಸರತಿಯಿಂದ ರೊಟ್ಟಿ ಕೊಟ್ಟರು. ಒಬ್ಬರು ಜೋಳ, ಒಬ್ಬರು ಬೇಳೆ ಕೊಟ್ಟರು. ವಾರಕ್ಕೊಮ್ಮೆ ಅಂಗಡಿಯವನ ಫೋನಿನಿಂದ ತಾಯಂದಿರೊಡನೆ ಮಾತಾಡಿಸಿದರು. ಮೂವರೂ ಏಳನೆಯ ಇಯತ್ತೆ ಮುಗಿಸಿದರು. ಅಜ್ಜಿಗೆ ಓದು ಬರುತ್ತಿರಲಿಲ್ಲ. ರಾತ್ರಿ ದೀಪದ ಮುಂದೆ ಹುಡುಗಿಯರು ಗಟ್ಟಿಯಾಗಿ ಓದಬೇಕು, ತಾನು ಕೇಳಬೇಕು, ಇದೊಂದೇ ಅವಳ ಕರಾರು.

ಆದುದರಿಂದ, ತಾಯಂದಿರೇ, ತಂಗಿಯರೇ, ಈ ಸಲ ಬನ್ನಿ ಕೊಡಲು ಮನೆಮನೆಗೆ ಹೋದಾಗ ಒಂದು ಮಾತು ಕೇಳಿರಿ: "ಈ ವರ್ಷ ಕಬ್ಬಿಗೆ ಹೊಂಟೀರೇನು? ಮಕ್ಕಳು ಎಲ್ಲಿರ್ತಾವ?" ಉತ್ತರವನ್ನು ಸಾಲೆಯ ಗುರುಗಳಿಗೆ ಮುಟ್ಟಿಸಿರಿ. ನಿಮ್ಮ ಮನೆಯಲ್ಲಿ ಒಂದು ಕೌದಿ ಹಾಸುವಷ್ಟು ಎಡೆಯಿದ್ದರೆ ಒಂದು ಮಗುವಿಗೆ ಕೊಡಿರಿ. ಬೇಸಗೆಯಲ್ಲಿ ಮರಳಿ ಬಂದ ಮಗು ಅಂಗಳದಲ್ಲಿ ನಾಚಿ ನಿಂತರೆ ಎದ್ದು ಹೋಗಿ ಕೈಹಿಡಿಯಿರಿ, ನನ್ನಂತೆ ಕುಳಿತಿರಬೇಡಿರಿ.

ಮಳೆ ನಮ್ಮ ಕೈಯಲ್ಲಿಲ್ಲ. ಗೂಟದಲ್ಲಿ ತೂಗುವ ಪಾಟಿಚೀಲವನ್ನು ಇಳಿಸಿ ಮಗುವಿನ ಹೆಗಲಿಗೆ ಹಾಕುವುದು ನಮ್ಮ ಕೈಯಲ್ಲಿದೆ. ನಿಮ್ಮ ಊರಿನಲ್ಲಿ ಇಂಥ ಯತ್ನ ನಡೆದಿದ್ದರೆ ಬರೆದು ತಿಳಿಸಿರಿ. ಇದೇ ಪುಟದಲ್ಲಿ ನಾಲ್ಕು ಊರಿಗೆ ಅದು ದಾರಿಯಾದೀತು.