ಟೊಮೆಟೊ ಗಿಡಕ್ಕೆ ಹಳದಿ ಪುಡಿ ಬೇಡ: ಪರೇಲಿನ ಕನ್ನಡ ಬಂಧುಗಳಲ್ಲಿ ಒಂದು ವಿನಂತಿ

ಚಾಳಿನ ಗ್ಯಾಲರಿಯಲ್ಲಿ, ಕಟ್ಟಡದ ಗಚ್ಚಿಯ ಮೇಲೆ, ಕಿಟಕಿಯ ಕಂಬಿಗೆ ಕಟ್ಟಿದ ಡಬ್ಬದಲ್ಲಿ ಟೊಮೆಟೊ ಬೆಳೆಸುವ ಬಂಧುಗಳೇ,

ಸೆಪ್ಟೆಂಬರಿನಲ್ಲಿ ನಾವು ಬೀಜ ಹಾಕುತ್ತೇವೆ. ಸಸಿ ಮೊಣಕಾಲೆತ್ತರ ಬರುವ ಹೊತ್ತಿಗೆ ಮುಂಬಯಿಯ ಹಿಂಗಾರು ಮಳೆ ಇನ್ನೂ ನಾಲ್ಕು ಹನಿ ಉದುರಿಸುತ್ತಲೇ ಇರುತ್ತದೆ. ಆಗ ಬುಡದ ಎಲೆಗಳ ಮೇಲೆ ಬಳೆಯೊಳಗೆ ಬಳೆ ಇಟ್ಟಂತೆ ಕಂದು ಚುಕ್ಕೆ ಕಾಣುತ್ತದೆ. ಅದು ಆಲ್ಟರ್ನೇರಿಯ ಎಂಬ ಶಿಲೀಂಧ್ರ ತರುವ ಎಲೆ ಅಂಗಮಾರಿ. ವಾರ ಕಳೆಯುವುದರೊಳಗೆ ರೋಗ ಮೇಲಕ್ಕೆ ಏರುತ್ತದೆ, ಎಲೆ ಉದುರಿ ಕಾಯಿ ಬಿಸಿಲಿಗೆ ಬೇಯುತ್ತದೆ. ನಾವು ಗಾಬರಿಯಾಗಿ ಬೀಜದಂಗಡಿಗೆ ಓಡುತ್ತೇವೆ.

ನಾನೂ ಓಡಿದ್ದೆ. ಅಂಗಡಿಯವರು ಏನೂ ಕೇಳದೆ ಮ್ಯಾಂಕೋಜೆಬ್ ಎಂಬ ಹಳದಿ ಶಿಲೀಂಧ್ರನಾಶಕ ಪುಡಿಯ ಪೊಟ್ಟಣ ಕೊಟ್ಟರು. ನನ್ನಲ್ಲಿ ಇದ್ದದ್ದು ಆರು ಕುಂಡ. ಪೊಟ್ಟಣದ ಮೇಲಿನ ಅಳತೆ ಎಕರೆ ಲೆಕ್ಕದ್ದು. ಅಂದಾಜಿನಲ್ಲಿ ಕಲಸಿ ಗ್ಯಾಲರಿಯಲ್ಲಿ ಹೊಡೆದೆ. ಮೂರು ಅಡಿ ಆಚೆ ಪಕ್ಕದ ಮನೆಯ ಮಗುವಿನ ಬಟ್ಟೆ ಒಣಗುತ್ತಿತ್ತು. ಹಳದಿ ಪುಡಿಯ ಚುಕ್ಕೆ ಆ ಬಟ್ಟೆಯ ಮೇಲೆ ಕಂಡಾಗ ನನಗೆ ಬುದ್ಧಿ ಬಂತು. ಈ ಕರಪತ್ರ ಹುಟ್ಟಿದ್ದು ಅಂದೇ.

ಹೆದರಿಸಲು ಇದನ್ನು ಬರೆಯುತ್ತಿಲ್ಲ, ಗೊತ್ತಿರುವುದನ್ನು ಹೇಳುತ್ತೇನೆ. ಮ್ಯಾಂಕೋಜೆಬ್ ಒಡೆದಾಗ ಎಥಿಲೀನ್‌ಥಯೋಯೂರಿಯ ಎಂಬ ವಸ್ತು ಉಂಟಾಗುತ್ತದೆ. ಪ್ರಾಣಿಗಳ ಮೇಲಿನ ಪರೀಕ್ಷೆಗಳಲ್ಲಿ ಅದು ಥೈರಾಯ್ಡ್ ಗ್ರಂಥಿಯನ್ನು ಕೆಡಿಸಿದೆ. ಹಣ್ಣಿನ ಮೇಲೆ ಉಳಿದ ಮದ್ದು ಬೇಯಿಸುವಾಗ ಇನ್ನಷ್ಟು ಒಡೆದು ಅದೇ ವಸ್ತುವಾಗುತ್ತದೆ. ಟೊಮೆಟೊವನ್ನು ದಿನಾ ಸಾರಿನಲ್ಲಿ ಕುದಿಸುವವರು ನಾವು. ಯುರೋಪಿಯನ್ ಒಕ್ಕೂಟ 2020ರ ಡಿಸೆಂಬರಿನಲ್ಲಿ ಇದರ ಪರವಾನಗಿ ಮುಂದುವರಿಸದಿರಲು ತೀರ್ಮಾನಿಸಿತು. ಅದೇ ವರ್ಷ ಮೇ ತಿಂಗಳಲ್ಲಿ ನಮ್ಮ ಕೇಂದ್ರ ಸರ್ಕಾರ ನಿಷೇಧಿಸಲು ಯೋಚಿಸಿದ 27 ಕೀಟನಾಶಕಗಳ ಕರಡು ಪಟ್ಟಿಯಲ್ಲಿಯೂ ಅದರ ಹೆಸರಿತ್ತು. ಆದರೆ 2023ರ ಅಂತಿಮ ಆದೇಶದಲ್ಲಿ ಅದು ನಿಷೇಧವಾಗಲಿಲ್ಲ. ಹತ್ತೆಕರೆ ಬೆಳೆ ಉಳಿಸಿಕೊಳ್ಳಬೇಕಾದ ಕೋಲಾರದ ಅಥವಾ ನಾರಾಯಣಗಾಂವ್‌ನ ರೈತನ ಕಷ್ಟ ಬೇರೆ, ಅವನನ್ನು ದೂರುವ ಹಕ್ಕು ನನಗಿಲ್ಲ. ಆರು ಕುಂಡದ ನಮಗೆ ಮಾತ್ರ ಈ ಪುಡಿಯ ಅಗತ್ಯವೇ ಇಲ್ಲ.

ಹಾಗಾದರೆ ಏನು ಮಾಡಬೇಕು? ಉತ್ತರ ನಮ್ಮ ಪರೇಲಿನಲ್ಲಿಯೇ ಇದೆ. 1896ರಲ್ಲಿ ಪ್ಲೇಗು ಈ ಊರನ್ನು ಹೊಕ್ಕಾಗ ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್ ಭಾಯಖಳದ ಗ್ರಾಂಟ್ ಮೆಡಿಕಲ್ ಕಾಲೇಜಿನ ಒಂದು ಕೋಣೆಯಲ್ಲಿ ಲಸಿಕೆ ತಯಾರಿಸಿ, 1897ರ ಜನವರಿಯಲ್ಲಿ ಮೊದಲು ತಮಗೇ ಚುಚ್ಚಿಕೊಂಡರು. 1899ರಲ್ಲಿ ಅವರ ಪ್ರಯೋಗಾಲಯ ಪರೇಲಿನ ಹಳೆಯ ಗವರ್ನರ್ ಬಂಗಲೆಗೆ ಬಂತು. ನಾವು ದಿನಾ ಬಸ್ಸಿನಲ್ಲಿ ಹಾದುಹೋಗುವ ಹಾಫ್‌ಕಿನ್ ಸಂಸ್ಥೆ ಅದೇ. ಸತ್ತ ರೋಗಾಣುವನ್ನು ದೇಹಕ್ಕೆ ತೋರಿಸಿ, ಜೀವಂತ ರೋಗಾಣು ಬರುವ ಮುಂಚೆಯೇ ದೇಹವನ್ನು ಸಜ್ಜುಗೊಳಿಸುವುದು ಅವರ ಮದ್ದಿನ ಗುಟ್ಟಾಗಿತ್ತು.

ಗಿಡಕ್ಕೆ ನಮ್ಮಂತೆ ರಕ್ತವಿಲ್ಲ, ಪ್ರತಿಕಾಯಗಳಿಲ್ಲ. ಆದರೂ ಶತ್ರುವಿನ ಗುರುತು ಅದಕ್ಕೂ ಸಿಗುತ್ತದೆ. ಶಿಲೀಂಧ್ರದ ಮೈಗೋಡೆಯಲ್ಲಿ ಕೈಟಿನ್ ಎಂಬ ವಸ್ತುವಿದೆ, ಗಿಡದಲ್ಲಿ ಅದಿಲ್ಲ. ಕೈಟಿನ್ನಿನ ಚೂರು ಎಲೆಗೆ ತಾಗಿದರೆ ಗಿಡ ತನ್ನ ಕೋಶಗೋಡೆ ಗಟ್ಟಿ ಮಾಡಿಕೊಂಡು, ಶಿಲೀಂಧ್ರವನ್ನು ಕರಗಿಸುವ ಕಿಣ್ವಗಳನ್ನು ತಯಾರಿಸತೊಡಗುತ್ತದೆ. ಅದೇ ಕೈಟಿನ್ ಸಿಗಡಿಯ ಸಿಪ್ಪೆಯಲ್ಲಿ, ಏಡಿಯ ಚಿಪ್ಪಿನಲ್ಲಿ ತುಂಬಿದೆ. ಇಲ್ಲಿನ ಕೋಳಿ ಸಮುದಾಯದ ಮೀನುಗಾರರ ಮಾರುಕಟ್ಟೆಯಲ್ಲಿ ದಿನಾ ಕಸಕ್ಕೆ ಬೀಳುವ ಸಿಪ್ಪೆ! ಅದರಿಂದ ತೆಗೆದ ಕೈಟೋಸಾನನ್ನು ಯುರೋಪಿಯನ್ ಒಕ್ಕೂಟ 2014ರಲ್ಲಿಯೇ ಬೆಳೆರಕ್ಷಣೆಗೆ ಒಪ್ಪಿದೆ. ಇದನ್ನು ಮನೆಯಲ್ಲಿ ತೆಗೆಯಲು ಹೋಗಬೇಡಿ, ಅದಕ್ಕೆ ಮೈ ಸುಡುವ ಕ್ಷಾರ ಬೇಕು. ತಯಾರಾದ ದ್ರಾವಣ ಸಿಗುತ್ತದೆ. ಬೀಜದಂಗಡಿಯಲ್ಲಿ ಹಳದಿ ಪೊಟ್ಟಣದ ಬದಲು ಅದನ್ನು ಹೆಸರು ಹಿಡಿದು ಕೇಳಿ. ನಾಲ್ಕು ಜನ ಕೇಳಿದರೆ ಐದನೆಯವರು ಬರುವ ಹೊತ್ತಿಗೆ ಅಂಗಡಿಯವರು ತರಿಸಿಟ್ಟಿರುತ್ತಾರೆ.

ಮಲೆನಾಡು, ಕರಾವಳಿ ಕಡೆಯವರಿಗೆ ಈ ‘ಮುಂಚೆಯೇ’ ಎನ್ನುವ ಮಾತು ಹೊಸದಲ್ಲ. ಅಡಿಕೆಯ ಕೊಳೆರೋಗಕ್ಕೆ ನಮ್ಮ ಅಜ್ಜಂದಿರು ಗೊನೆ ಒದ್ದೆಯಾಗದಂತೆ ಕೊಟ್ಟೆ (ಹೊದಿಕೆ) ಕಟ್ಟುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಆ ರೋಗವನ್ನು ಅಭ್ಯಾಸ ಮಾಡಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವುದನ್ನು ರೂಢಿಗೆ ತಂದರು. ಔಷಧಿ ಹೊಡೆಯುವುದು ಮಳೆ ಹಿಡಿಯುವ ಮುಂಚೆ. ಗೊನೆ ಕೊಳೆತ ಮೇಲೆ ಹೊಡೆದು ಉಳಿಸಿಕೊಂಡವರಿಲ್ಲ. ಅಂದ ಹಾಗೆ ಕುಂಡಕ್ಕೆ ಬೋರ್ಡೋ ಪದೇ ಪದೇ ಬೇಡ. ಅದರಲ್ಲಿರುವ ತಾಮ್ರ ಮಣ್ಣಿನಲ್ಲಿ ಕರಗಿ ಹೋಗುವುದಿಲ್ಲ, ಒಂದು ಬುಟ್ಟಿ ಮಣ್ಣಿನಲ್ಲಿ ಬೇಗ ತುಂಬಿಕೊಳ್ಳುತ್ತದೆ.

ಅಡುಗೆಮನೆಯ ಮದ್ದುಗಳಲ್ಲಿ ನಾನು ಮೊದಲು ಹಿಡಿಯುವುದು ಬೆಳ್ಳುಳ್ಳಿಯನ್ನು. ಇಲ್ಲೊಂದು ತಪ್ಪು ಎಲ್ಲರೂ ಮಾಡುತ್ತಾರೆ: ಎಸಳನ್ನು ನೀರಿಗೆ ಹಾಕಿ ಕುದಿಸುತ್ತಾರೆ. ಇಡೀ ಎಸಳಿನಲ್ಲಿ ಮದ್ದು ಇರುವುದಿಲ್ಲ. ಜಜ್ಜಿದಾಗ ಅದರೊಳಗಿನ ಆಲಿನ್ ಎಂಬ ವಸ್ತುವಿಗೆ ಒಂದು ಕಿಣ್ವ ಸೇರಿ ಆಲಿಸಿನ್ ಹುಟ್ಟುತ್ತದೆ; ಆ ಘಾಟು ಅದರದೇ. ಬೂಷ್ಟನ್ನು ತಡೆಯುವುದೂ ಅದೇ. ಮೊದಲೇ ಕುದಿಸಿದರೆ ಕಿಣ್ವ ಸಾಯುತ್ತದೆ, ಉಳಿಯುವುದು ಬೆಳ್ಳುಳ್ಳಿ ಸಾರು ಮಾತ್ರ. ಐವತ್ತು ಗ್ರಾಂ ಬೆಳ್ಳುಳ್ಳಿ ಜಜ್ಜಿ, ಹತ್ತು ನಿಮಿಷ ಬಿಟ್ಟು, ಒಂದು ಲೀಟರ್ ತಣ್ಣೀರಿನಲ್ಲಿ ಕಲಸಿ, ಬಟ್ಟೆಯಲ್ಲಿ ಸೋಸಿ ಅಂದೇ ಸಂಜೆ ಹೊಡೆಯಿರಿ. ಇದು ನಾನು ಬಳಸುವ ಅಳತೆ. ಆಲಿಸಿನ್ ಬಹಳ ಹೊತ್ತು ನಿಲ್ಲುವುದಿಲ್ಲ, ಬಾಟಲಿಯಲ್ಲಿ ತುಂಬಿಡುವುದು ವ್ಯರ್ಥ. ಮೊದಲು ಒಂದೇ ಎಲೆಗೆ ಹೊಡೆದು ಎರಡು ದಿನ ನೋಡಿ.

ಚಳಿಗಾಲದ ಬೂದಿ ರೋಗಕ್ಕೆ ಹಾಲು. ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು. ಬ್ರೆಜಿಲಿನ ವಿಜ್ಞಾನಿ ವಾಗ್ನರ್ ಬೆಟಿಯೋಲ್ 1999ರಲ್ಲಿ ಸಿಹಿಗುಂಬಳದ ಜಾತಿಯ ಜುಕಿನಿ ಗಿಡಗಳ ಮೇಲೆ ಹಾಲಿನ ಗುಣವನ್ನು ತೋರಿಸಿದರು. ಟೊಮೆಟೊಗೆ ಬರುವ ಬೂದಿ ಎರಡು ಬಗೆಯದು. ಎಲೆಯ ಮೇಲೆಯೇ ಹರಡುವುದು ಹಾಲಿಗೆ ಬಗ್ಗೀತು. ಎಲೆಯೊಳಗೆ ಹೊಕ್ಕು ಮೇಲೆ ಹಳದಿ ಮಚ್ಚೆ, ಕೆಳಗೆ ಬೂದಿ ತೋರುವುದು ಅಷ್ಟಾಗಿ ಬಗ್ಗದು. ಅಂಥ ಎಲೆಗಳನ್ನು ಕಿತ್ತು ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ. ಬೇವಿನೆಣ್ಣೆಯೂ ಬೂದಿಗೆ ಆಗುತ್ತದೆ. ಎಲೆ ಅಂಗಮಾರಿಗೆ ಅದನ್ನು ನಂಬಿ ಕೂರಬೇಡಿ. ಬೇವಿನ ಅಜಾಡಿರಾಕ್ಟಿನ್ ಮುಖ್ಯವಾಗಿ ಹುಳುವಿನ ಮದ್ದು.

‘ನೈಸರ್ಗಿಕ’ ಎಂದ ಕೂಡಲೇ ಕಣ್ಣು ಮುಚ್ಚಿ ನಂಬುವವರಿಗೆ ಇಲ್ಲಿ ಕಟುವಾಗಿ ಹೇಳಲೇಬೇಕು. ಹೊಗೆಸೊಪ್ಪಿನ ಕಷಾಯ, ದತ್ತೂರದ ಕಷಾಯ ಹೊಡೆಯಬೇಡಿ. ಇವೆರಡೂ ವಿಷ. ಮಕ್ಕಳಿರುವ ಚಾಳಿನಲ್ಲಿ ಅವುಗಳಿಗೆ ಜಾಗವಿಲ್ಲ. ಹೊಗೆಸೊಪ್ಪು ಟೊಮೆಟೊದ ಕುಟುಂಬದ್ದೇ ಆದ್ದರಿಂದ ಅದರ ಮೊಸಾಯಿಕ್ ವೈರಸ್ ನಮ್ಮ ಗಿಡಕ್ಕೂ ದಾಟಬಲ್ಲದು. ಓಮದ ಥೈಮಾಲ್, ಲವಂಗದ ಯೂಜಿನಾಲ್ ಪ್ರಯೋಗಾಲಯದ ತಟ್ಟೆಯಲ್ಲಿ ಬೂಷ್ಟನ್ನು ತಡೆದಿವೆ ನಿಜ, ಆದರೆ ಅವುಗಳ ಎಣ್ಣೆ ಒಂದು ಹನಿ ಹೆಚ್ಚಾದರೆ ಎಲೆಯೇ ಸುಟ್ಟು ಕರಕಲಾಗುತ್ತದೆ.

ಯಾವ ಮದ್ದಿಗಿಂತಲೂ ಹೆಚ್ಚಿನದು ನೀರು ಹಾಕುವ ರೀತಿ. ಆಲ್ಟರ್ನೇರಿಯದ ಬೀಜಕಣ ಮೊಳೆಯಲು ಎಲೆ ಹೊತ್ತುಗಟ್ಟಲೆ ಒದ್ದೆಯಿರಬೇಕು. ಬೆಳಗ್ಗೆ, ಬುಡಕ್ಕೆ ಮಾತ್ರ ನೀರು ಕೊಡಿ. ಮಣ್ಣಿಗೆ ತಾಗುವ ಕೆಳಗಿನ ಎಲೆಗಳನ್ನು ಮೊದಲೇ ಚಿವುಟಿ. ಮಣ್ಣು ಕಲಸುವಾಗ ಟ್ರೈಕೋಡರ್ಮ ಸೇರಿಸಿದರೆ ಸಸಿಯ ಬುಡ ಕೊಳೆಯುವುದು ಕಡಿಮೆಯಾಗುತ್ತದೆ. ಬೀಜ ಕೊಳ್ಳುವಾಗ ಹೆಸರಘಟ್ಟದ ಸಂಸ್ಥೆ ಬೆಳೆಸಿದ ಅರ್ಕಾ ರಕ್ಷಕ್ ಕೇಳಿ ನೋಡಿ. ಎಲೆಸುರುಳಿ, ದುಂಡಾಣು ಸೊರಗು, ಎಲೆ ಅಂಗಮಾರಿ ಮೂರನ್ನೂ ತಡೆದುಕೊಳ್ಳುವ ತಳಿ ಅದು.

ಇವೆಲ್ಲ ಚುಕ್ಕೆ ಬೀಳುವ ಮುಂಚಿನ ಕೆಲಸಗಳು. ಅರ್ಧ ಗಿಡ ಕಂದಾದ ಮೇಲೆ ಬೆಳ್ಳುಳ್ಳಿ ಹೊಡೆದು ‘ಕೆಲಸ ಮಾಡಲಿಲ್ಲ’ ಎನ್ನುವವರನ್ನು ನೋಡಿದ್ದೇನೆ. ಆಗ ಮಾಡಬಹುದಾದದ್ದು ಗಿಡವನ್ನು ಕಿತ್ತು, ಉಳಿದ ಐದನ್ನು ಕಾಪಾಡಿಕೊಳ್ಳುವುದು.

ನಿಮ್ಮ ಮನೆಯಲ್ಲಿ ಹಳೆಯ ಮ್ಯಾಂಕೋಜೆಬ್ ಉಳಿದಿದ್ದರೆ ಮೋರಿಗೆ ಸುರಿಯಬೇಡಿ. ಬಾಯಿ ಬಿಗಿದು, ಮಕ್ಕಳ ಕೈಗೆ ಸಿಗದಂತೆ ಇಟ್ಟು, ಕೊಂಡ ಅಂಗಡಿಗೇ ಹಿಂದಿರುಗಿಸಿ. ನಮ್ಮ ಮೋರಿಯ ನೀರು ಸಮುದ್ರ ಸೇರುತ್ತದೆ, ಮೀನಿಗೂ ಸಿಗಡಿಗೂ ಆ ಪುಡಿ ವಿಷ.