ಎಂಟಿಆರ್ ಮಾರಿಬಿಟ್ರಂತೆ... ಯಾವ ಎಂಟಿಆರ್?

“ಎಂಟಿಆರ್ ನಾರ್ವೆಯವರ ಪಾಲಾಯ್ತಂತೆ ಕಣ್ರೀ, ಇನ್ನೇನು ಉಳೀತು!” 2007ರಿಂದ ಈ ಗೊಣಗಾಟ ನಮ್ಮ ಕಡೆ ನಿಂತೇ ಇಲ್ಲ. ಹೀಗೆ ಗೊಣಗಿದವರೇ ಭಾನುವಾರ ಲಾಲ್‌ಬಾಗ್ ರಸ್ತೆಯಲ್ಲಿ ರವೆ ಇಡ್ಲಿಗೆ ಕ್ಯೂ ನಿಂತಿರುತ್ತಾರೆ! ಆ ಹೋಟೆಲನ್ನು ಯಾರೂ ಮಾರಿಲ್ಲ ಸ್ವಾಮಿ. ಮಾರಿದ್ದು ಪುಡಿ, ಮಿಕ್ಸ್ ತಯಾರಿಸುವ ಎಂಟಿಆರ್ ಫುಡ್ಸ್ ಕಂಪನಿಯನ್ನು.

1924ರಲ್ಲಿ ಮಯ್ಯ ಸಹೋದರರು ಶುರು ಮಾಡಿದ ಹೋಟೆಲು ಅದು. 1975ರ ತುರ್ತುಪರಿಸ್ಥಿತಿಯಲ್ಲಿ ತಿಂಡಿಯ ದರಕ್ಕೆ ಸರ್ಕಾರ ಕಡಿವಾಣ ಹಾಕಿದಾಗ ಆ ದರದಲ್ಲಿ ಹೋಟೆಲ್ ನಡೆಸುವುದು ಕಷ್ಟವಾಯಿತು. ಆಗ ಕೈಹಿಡಿದದ್ದು ಪ್ಯಾಕೆಟ್ ವ್ಯಾಪಾರ. ಮುಂದೆ ಮನೆತನದ ಒಂದು ಕವಲಿಗೆ ಹೋಟೆಲ್, ಸದಾನಂದ ಮಯ್ಯರಿಗೆ ಫುಡ್ಸ್. ಹೆಸರು ಒಂದೇ, ಒಡೆತನ ಎರಡು.

ಎರಡೂ ಬೆಳೆದ ರೀತಿಯೇ ಬೇರೆ. ಹೋಟೆಲಿಗೆ ಬೇಕಾದದ್ದು ಅಡಿಗೆಭಟ್ಟರ ಕೈ ಮತ್ತು ಮಾಲೀಕರ ಕಣ್ಣು. ಹಾಗಾಗಿ ನಿಧಾನ. ಸಿಂಗಪುರದಲ್ಲಿ ಶಾಖೆ ತೆರೆಯುವ ಹೊತ್ತಿಗೆ ಸುಮಾರು 90 ವರ್ಷ ಕಳೆದಿತ್ತು. ರವೆ ಇಡ್ಲಿ ಮಿಕ್ಸ್‌ಗೆ ಬೇಕಾದದ್ದು ಯಂತ್ರ, ಗೋದಾಮು, ಡೀಲರು, ಜಾಹೀರಾತು, ಅಂದರೆ ದುಡ್ಡು. ಫುಡ್ಸ್ ಕಂಪನಿ ಹೊರಗಿನ ಹೂಡಿಕೆದಾರರಿಗೆ ಷೇರು ಕೊಟ್ಟಿತು. ಇಂಥ ಹೂಡಿಕೆದಾರರು ಲಾಭದ ಪಾಲಿಗಾಗಿ ತಲೆಮಾರುಗಟ್ಟಲೆ ಕಾಯುವವರಲ್ಲ. ಒಂದು ದಿನ ಷೇರು ಮಾರಿ ಹೊರಡಲೇಬೇಕು. ಅವರು ಒಳಗೆ ಬಂದ ದಿನವೇ ಕಂಪನಿ ಮಾರಾಟದ ದಾರಿಗೆ ಬಿತ್ತು ಅಂತ ನನ್ನ ಅನಿಸಿಕೆ. 2007ರಲ್ಲಿ ಓರ್ಕ್ಲಾ ಸುಮಾರು 8 ಕೋಟಿ ಡಾಲರಿಗೆ ಕೊಂಡಿತು.

ಆಮೇಲೇನಾಯ್ತು? ಓರ್ಕ್ಲಾ ಕೇರಳದ ಈಸ್ಟರ್ನ್ ಮಸಾಲೆ ಕಂಪನಿಯನ್ನೂ ಸೇರಿಸಿಕೊಂಡು, 2025ರ ಕೊನೆಯಲ್ಲಿ ಓರ್ಕ್ಲಾ ಇಂಡಿಯಾ ಹೆಸರಲ್ಲಿ ಷೇರುಪೇಟೆಗೆ ಬಂತು. 730 ರೂಪಾಯಿ ದರದಲ್ಲಿ ಕಂಪನಿಯ ಬೆಲೆ ಸುಮಾರು 10,000 ಕೋಟಿ! ಗಮನಿಸಿ, ಅಲ್ಲಿ ಎತ್ತಿದ ಸುಮಾರು 1,667 ಕೋಟಿಯಲ್ಲಿ ಒಂದು ರೂಪಾಯಿಯೂ ಕಂಪನಿಗೆ ಹೋಗಲಿಲ್ಲ. ಪೂರ್ತಿ ಆಫರ್ ಫಾರ್ ಸೇಲ್. ದುಡ್ಡೆಲ್ಲಾ ಷೇರು ಮಾರಿದ ಹಳೆಯ ಒಡೆಯರಿಗೆ. ಬೆವರು ಯಾರದೇ ಇರಲಿ, ಬೆಳೆದ ಬೆಲೆ ಸೇರುವುದು ಆ ದಿನ ಷೇರು ಯಾರ ಕೈಲಿದೆಯೋ ಅವರಿಗೆ.

ಇದರಲ್ಲಿ ಮೋಸ ಏನೂ ಇಲ್ಲ. ಮಾರಿದ ಮೇಲೆ ಸದಾನಂದ ಮಯ್ಯರು ‘ಮಯ್ಯಾಸ್’ ಕಟ್ಟಿದರು. ಹೆಸರು ಮಾರಬಹುದು, ಕಸುಬು ಮಾರಲಾಗದು. ಹೋಟೆಲಿನವರು ಕೋಟಿಗಳ ಬೆಲೆ ಕಟ್ಟಿಸಿಕೊಳ್ಳಲಿಲ್ಲ. ಆದರೆ ನಾಳೆ ಏನು ಬಡಿಸಬೇಕು ಅನ್ನೋದು ಅವರ ಕೈಲೇ ಇದೆ. ಅದಕ್ಕೂ ಬೆಲೆ ಇದೆ, ಷೇರುಪೇಟೆಯಲ್ಲಿ ಕಾಣೋಲ್ಲ ಅಷ್ಟೆ.

ಮಾಮೂಲ್‌ಪೇಟೆಯಿಂದ ಗಾಂಧಿಬಜಾರಿನವರೆಗೆ ಎಷ್ಟೋ ಮನೆತನದ ಅಂಗಡಿ, ಹೋಟೆಲುಗಳಿವೆ. ಮುಂದಿನ ತಲೆಮಾರಿಗೆ “ಬ್ರ್ಯಾಂಚ್ ಮಾಡಿ, ಫಂಡ್ ತಗೊಳ್ಳಿ” ಅನ್ನೋ ಸಲಹೆಗಾರರಿಗೆ ಬರವಿಲ್ಲ. ತಗೊಳ್ಳಲಿ, ತಪ್ಪಲ್ಲ. ಆದರೆ ಎಷ್ಟು ಬೆಳೀಬೇಕು ಅಂತ ಕೇಳುವ ಮುಂಚೆ, ಬೆಳೆದ ಮೇಲೆ ಇದು ಯಾರದು ಅಂತ ಮನೆಯವರು ಕೂತು ಮಾತಾಡಿಕೊಳ್ಳುವುದು ಒಳ್ಳೆಯದು.

ನೀವೇನಂತೀರಿ?