ದುರ್ಗಕ್ಕೆ ಬಂದವರಿಗೆ ಇರುಳಿನ ನೆಲೆ

ಚಿತ್ರದುರ್ಗದ ಕೋಟೆಯನ್ನು ಅರ್ಧ ದಿನದಲ್ಲಿ ನೋಡಿ ಮುಗಿಸಬಹುದೆಂಬ ಮಾತು ಲೋಕದಲ್ಲಿ ರೂಢಿಯಾಗಿಬಿಟ್ಟಿದೆ. ಬೆಂಗಳೂರಿನಿಂದ ದುರ್ಗಕ್ಕೆ ಸುಮಾರು 200 ಕಿಲೋಮೀಟರು. ಬೆಳಗ್ಗೆ ಹೊರಟವರು ನಡುಹಗಲಿಗೆ ಕೋಟೆಯ ಬಾಗಿಲಲ್ಲಿರುತ್ತಾರೆ, ಸಂಜೆಗೆ ಮರಳಿ ಹೆದ್ದಾರಿ ಹಿಡಿಯುತ್ತಾರೆ. ಇಂತಿರಲು ಇಲ್ಲಿ ತಂಗುವ ಏರ್ಪಾಡು ಏತಕ್ಕೆಂದು ಕೇಳುವವರು ಒಂದು ಪಕ್ಷ. ಕೋಟೆಯ ಬುಡದಲ್ಲಿಯೇ ಹಲವು ಅಂತಸ್ತಿನ ಹೋಟೆಲುಗಳನ್ನು ಎಬ್ಬಿಸಿದರೆ ಊರು ತಾನಾಗಿ ಉದ್ಧಾರವಾದೀತೆಂದು ನಂಬಿದವರು ಇನ್ನೊಂದು ಪಕ್ಷ. ಈ ಎರಡು ಮತಗಳೂ ಸಮಾನವಾಗಿ ದೋಷಯುಕ್ತವಾದವು.

ಮೊದಲನೆಯ ಪಕ್ಷದವರು ಕೋಟೆಯ ಸ್ವರೂಪವನ್ನೇ ಅರಿತವರಲ್ಲ. ಏಳು ಸುತ್ತಿನ ಈ ದುರ್ಗವು ಒಂದು ಕಟ್ಟಡವಲ್ಲ, ಬೆಟ್ಟಗಳ ಸಮೂಹ. ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ, ಏಕನಾಥೇಶ್ವರಿಯರ ಗುಡಿಗಳು, ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿಯರ ಹೊಂಡ, ಕಣಜಗಳು, ಓಬವ್ವನ ಕಿಂಡಿ ಇವೆಲ್ಲವೂ ಏರಿಳಿತದ ಹಾದಿಯಲ್ಲಿ ದೂರದೂರಕ್ಕೆ ಹರಡಿವೆ. ನಡುಹಗಲಿನಲ್ಲಿ ಆ ಬಂಡೆಗಳು ಕಾದ ಹೆಂಚಿನಂತಿರುತ್ತವೆ. ವೃದ್ಧರೂ ಮಕ್ಕಳೂ ಅರ್ಧ ದಾರಿಯಿಂದಲೇ ಹಿಂದಿರುಗುವುದು ಇದರಿಂದಲ್ಲದೆ ಮತ್ತೇತರಿಂದ? ಕೋಟೆಯನ್ನು ಹತ್ತಲು ಯೋಗ್ಯವಾದ ಕಾಲ ಮುಂಜಾವು. ಊರಿನಲ್ಲಿ ಇರುಳು ಕಳೆದವನಿಗೆ ಮಾತ್ರ ಆ ಮುಂಜಾವು ದೊರೆಯುವುದು. ಅದೂ ಅಲ್ಲದೆ, ಕದಂಬ ಮಯೂರಶರ್ಮನ ಶಾಸನವುಳ್ಳ ಚಂದ್ರವಳ್ಳಿಯನ್ನೂ, ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಅಶೋಕನ ಶಾಸನವುಳ್ಳ ಬ್ರಹ್ಮಗಿರಿಯನ್ನೂ ನೋಡದೆ ಹೋದವನು ಈ ಸೀಮೆಯನ್ನು ನೋಡಿದಂತಾಗುವುದೆ? 1947ರಲ್ಲಿ ವ್ಹೀಲರ್ ಮಹಾಶಯರು ಉತ್ಖನನ ನಡೆಸಿದ ಈ ಎರಡು ನೆಲೆಗಳಿಗೆ ಬಹುಮಂದಿ ಯಾತ್ರಿಕರು ಹೋಗದಿರುವುದು ಆಸಕ್ತಿಯ ಅಭಾವದಿಂದಲ್ಲ, ವೇಳೆಯ ಅಭಾವದಿಂದ.

ಎರಡನೆಯ ಪಕ್ಷದವರ ಉತ್ಸಾಹ ದೊಡ್ಡದು, ವಿಚಾರ ಚಿಕ್ಕದು. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯು 2010ರಲ್ಲಿ ತಿದ್ದುಪಡಿಯಾದ ಮೇಲೆ, ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರು ನಿಷಿದ್ಧ ಪ್ರದೇಶ. ಅದರಾಚೆಗೆ ಇನ್ನು 200 ಮೀಟರು ನಿಯಂತ್ರಿತ ಪ್ರದೇಶ. ದುರ್ಗದ ಹೊರಸುತ್ತುಗಳಾದರೋ ಊರಿನೊಳಕ್ಕೇ ಇಳಿದು ಬಂದಿವೆ. ರಂಗಯ್ಯನ ಬಾಗಿಲು ಪೇಟೆಯ ನಡುವೆಯೇ ನಿಂತಿದೆ. ಹೀಗಿರುವಲ್ಲಿ ಕೋಟೆಯ ಬುಡವೆಂದು ಇವರು ತೋರಿಸುವ ಜಾಗ ಯಾವುದು? ಕಾನೂನಿನ ಮಾತು ಹಾಗಿರಲಿ, ನೀರಿನ ಮಾತೇನು? ನಾಯಕರ ಕಾಲದವರು ಮೇಲಿನ ಹೊಂಡ ತುಂಬಿ ಹೆಚ್ಚಾದ ನೀರು ಕೆಳಗಿನ ಹೊಂಡಕ್ಕೆ ಇಳಿಯುವಂತೆ ಏರ್ಪಡಿಸಿ, ಬಿದ್ದ ಮಳೆಯನ್ನು ಬಂಡೆಗಳ ನಡುವೆಯೇ ಹಿಡಿದಿಟ್ಟರು. ಬರಗಾಲ ಮತ್ತೆ ಮತ್ತೆ ಮುಖ ತೋರುವ ಈ ಜಿಲ್ಲೆಯಲ್ಲಿ, ಅದೇ ಬೆಟ್ಟದ ಕೆಳಗೆ ಕೊಳವೆಬಾವಿ ಕೊರೆದು ನೂರಾರು ಸ್ನಾನಗೃಹಗಳಿಗೆ ನೀರೆತ್ತುವುದು ಆ ಜಾಣ್ಮೆಗೆ ಮಾಡುವ ಅಪಚಾರವಲ್ಲವೆ?

ಹಾಗಾದರೆ ಮಾರ್ಗವೇನು? ಊರಿನಲ್ಲಿ ವಸತಿಗೃಹಗಳಿಲ್ಲವೆಂದಲ್ಲ. ಕೊರತೆಯಿರುವುದು ಮಧ್ಯಮ ಸ್ಥಿತಿಯ ಕುಟುಂಬಕ್ಕೆ ಒಪ್ಪುವ, ಚೊಕ್ಕಟವಾದ, ಬಾಡಿಗೆಯ ದರವನ್ನು ಬಾಗಿಲಲ್ಲಿಯೇ ಬರೆದು ಹಾಕಿದ ಕೋಣೆಗಳಿಗೆ. ಶಾಲೆಯ ಮಕ್ಕಳು ಚಾಪೆ ಹಾಸಿ ಮಲಗಬಹುದಾದ, ಶೌಚಾಲಯ ಸರಿಯಾಗಿರುವ ಹಜಾರಗಳಿಗೆ. ಹೊಸ ಕಟ್ಟಡ ಎಬ್ಬಿಸುವುದಕ್ಕೆ ಮುಂಚೆ ಹಳೆಯ ಛತ್ರಗಳನ್ನೂ, ಹಬ್ಬ ಮದುವೆಗಳಲ್ಲಿ ಮಾತ್ರ ತೆರೆಯುವ ಸಮುದಾಯ ಭವನಗಳನ್ನೂ ದುರಸ್ತಿ ಮಾಡಿಸತಕ್ಕದ್ದು. ಅನುಕೂಲವುಳ್ಳ ಗೃಹಸ್ಥರು ಮನೆಯ ಒಂದು ಕೋಣೆಯನ್ನು ಪ್ರವಾಸಿಗರಿಗೆ ಬಿಟ್ಟುಕೊಟ್ಟರೆ ಇನ್ನೂ ಉತ್ತಮ.

ಅನ್ನವನ್ನೂ ನೆರಳನ್ನೂ ಮಾರುವುದು ಮರ್ಯಾದಸ್ಥರ ಕೆಲಸವೆ ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಈ ಆಕ್ಷೇಪಣೆ ಹಳೆಯದು, ಗೌರವಾರ್ಹವಾದದ್ದು. ಆದರೆ ಕಾಲಕ್ಕೆ ಒಪ್ಪುವಂಥದಲ್ಲ. ಛತ್ರಗಳು ಬಿಟ್ಟಿ ಅನ್ನವಿಕ್ಕಿದ್ದು ಇನಾಮು ಭೂಮಿಯ ಹುಟ್ಟುವಳಿಯಿಂದ. 1955ರ ಮೈಸೂರಿನ ಶಾಸನದಿಂದ ಧಾರ್ಮಿಕ ಮತ್ತು ಧರ್ಮಾದಾಯ ಇನಾಮುಗಳು ರದ್ದಾದ ಮೇಲೆ ಆ ಧರ್ಮಕ್ಕೆ ಬೇರೆ ಆಧಾರ ಬೇಕೇ ಬೇಕು. ನ್ಯಾಯವಾದ ಬೆಲೆ ಪಡೆದು ಪ್ರೀತಿಯಿಂದ ಬಡಿಸಿದ ಮುದ್ದೆ ಸಾರು, ಬಾಗಿಲು ಮುಚ್ಚಿದ ಧರ್ಮಕ್ಕಿಂತ ಸಾವಿರ ಪಾಲು ಲೇಸು.

ಇನ್ನೊಂದು ಮಾತು ಉಳಿದಿದೆ. ಹೈದರನ ಸೈನಿಕರು ಕಿಂಡಿಯಲ್ಲಿ ನುಸುಳಿ ಬಂದಾಗ ಒನಕೆ ಹಿಡಿದು ನಿಂತಳೆಂದು ಜನ ಕೊಂಡಾಡುವ ಓಬವ್ವನ ಊರು ಇದು. 1779ರಲ್ಲಿ ದುರ್ಗ ಹೈದರನ ವಶವಾಯಿತು; ಓಬವ್ವನ ಹೆಸರು ಯಾರ ವಶವೂ ಆಗಲಿಲ್ಲ. ನವೆಂಬರ್ 11ರಂದು ಅವಳ ಜಯಂತಿಯನ್ನು ಸಂಭ್ರಮದಿಂದ ಆಚರಿಸುತ್ತಾರೆ. ಆದರೆ ಒಬ್ಬಳೇ ಪ್ರಯಾಣ ಬಂದ ಹೆಣ್ಣುಮಗಳು ಕೋಣೆ ಕೇಳಿದರೆ, ಜೊತೆಯಲ್ಲಿ ಯಾರಿದ್ದಾರೆಂದು ಪ್ರಶ್ನಿಸುವ ವಾಡಿಕೆ ನಾಡಿನ ಅನೇಕ ಊರುಗಳಲ್ಲಿ ಇಂದಿಗೂ ಬಿಟ್ಟುಹೋಗಿಲ್ಲ. ಓಬವ್ವನನ್ನು ಕೊಂಡಾಡುವ ಊರಾದರೂ ಈ ವಾಡಿಕೆಯನ್ನು ಮೊದಲು ತೊರೆಯಬೇಡವೆ? ಕೋಟೆಯ ಕಾವಲನ್ನು ಹೆಣ್ಣು ಕಾದಳು. ಹೆಣ್ಣಿಗೆ ನಿರ್ಭಯವಾದ ಒಂದು ಇರುಳನ್ನು ಊರು ಕಾದುಕೊಡಲಿ. ಪುತ್ಥಳಿಗೆ ಹಾಕುವ ಹಾರಕ್ಕೆ ಅರ್ಥ ಬರುವುದು ಆಗ.